ಆಳದ ಅರಸ (ಬಾವಿಯ ಆಳ ಅಲ್ಲ)

‘ಬ್ರಿಟನ್ನನ್ನು 70 ವರ್ಷ ಆಳಿದ ರಾಣಿ.’ ಎರಡನೇ ಎಲಿಜಬೆತ್ 2022ರಲ್ಲಿ ತೀರಿಕೊಂಡಾಗ ಈ ಸಾಲು ಓದಿ ಓದಿ ಸಾಕಾಗಿತ್ತು. ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಈ ಸಲ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಆಕೆ 70 ವರ್ಷ ಪಟ್ಟದಲ್ಲಿದ್ದದ್ದು ನಿಜ. ಆದರೆ ಆಳಿದವರು ಚರ್ಚಿಲ್‌ನಿಂದ ಲಿಜ್ ಟ್ರಸ್‌ವರೆಗಿನ 15 ಪ್ರಧಾನಿಗಳು.

ತಪ್ಪಿನಲ್ಲಿ ನಮ್ಮ ಪದಕ್ಕೂ ಪಾಲಿದೆ. ಇಂಗ್ಲಿಷಿನಲ್ಲಿ ಪಟ್ಟದಲ್ಲಿರುವುದಕ್ಕೆ ‘ರೇನ್’, ಅಧಿಕಾರ ನಡೆಸುವುದಕ್ಕೆ ‘ರೂಲ್’. ನಾವು ಎರಡಕ್ಕೂ ‘ಆಳು’ ಅಂದುಬಿಡುತ್ತೇವೆ. ಅದೂ ಎಂಥ ಪದ! ಕ್ರಿಯಾಪದವಾದರೆ ದೊರೆಯ ಕೆಲಸ, ನಾಮಪದವಾದರೆ ಗದ್ದೆಗೆ ಕೂಲಿಗೆ ಬರುವವನು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಅಂತಾರಲ್ಲ, ಬ್ರಿಟನ್ನಿನ ರಾಜ ಎರಡನ್ನೂ ಒಂದೇ ದಿನ ಮಾಡುತ್ತಾನೆ. ಸಂಸತ್ತಿನ ಅಧಿವೇಶನ ಶುರುವಾಗುವ ದಿನ ಕಿರೀಟ ಧರಿಸಿ ಸಿಂಹಾಸನದಲ್ಲಿ ಕೂರುತ್ತಾನೆ. ಲಾರ್ಡ್ ಚಾನ್ಸಲರ್ ಎಂಬ ಮಂತ್ರಿ ಚೀಲದಿಂದ ಭಾಷಣ ತೆಗೆದು ಕೈಗೆ ಕೊಡುತ್ತಾರೆ. ‘ನನ್ನ ಸರ್ಕಾರ’ ಅಂತ ರಾಜ ಓದುತ್ತಾನೆ. ಬರೆದದ್ದು ಪೂರ್ತಿ ಮಂತ್ರಿಗಳು.

‘ರಾಜ್ಯಭಾರ ಮಾಡಿದ’ ಅನ್ನುವುದು ಇನ್ನೂ ಕೆಟ್ಟದ್ದು. ಭಾರ ಹೊರುವವರು ಬೇರೆಯವರು. ನಮ್ಮ ಹಳೆಯ ಶಾಸನಗಳಲ್ಲಿ ‘ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಿರೆ’ ಅಂತ ಬರುತ್ತದೆ. ಹಿತವಾದ ಮಾತುಕತೆಯಲ್ಲೇ ರಾಜ್ಯವಾಳುವುದು. ಯುದ್ಧ ಮಾಡಿಕೊಂಡೇ ಬದುಕಿದ ಚಾಲುಕ್ಯರಿಗಿಂತ ಈಗಿನ ರಾಜರಿಗೇ ಇದು ಜಾಸ್ತಿ ಒಪ್ಪುತ್ತದೆ. ಬ್ರಿಟನ್ನಿನಲ್ಲಿ ವಾರಕ್ಕೊಮ್ಮೆ ಪ್ರಧಾನಿ ಅರಮನೆಗೆ ಬಂದು ಮಾತಾಡುವ ಪದ್ಧತಿ ಇದೆ. ರಾಜ ಕೇಳಬಹುದು, ಹುರಿದುಂಬಿಸಬಹುದು, ಎಚ್ಚರಿಸಬಹುದು. ಅಲ್ಲಿಗೆ ಮುಗಿಯಿತು.

ಸಂಸತ್ತು ಒಪ್ಪಿದ ಮಸೂದೆಗೆ ರಾಜ ಸಹಿ ಹಾಕಲ್ಲ ಅಂದರೆ? ಬ್ರಿಟನ್ನಿನಲ್ಲಿ ಮಸೂದೆಗೆ ಒಪ್ಪಿಗೆ ತಡೆದದ್ದು ಕೊನೆಯ ಬಾರಿ 1708ರಲ್ಲಿ, ರಾಣಿ ಆ್ಯನ್. ಅದೂ ಮಂತ್ರಿಗಳ ಸಲಹೆಯಂತೆ. ಬೆಲ್ಜಿಯಂನ ಕಥೆ ಇನ್ನೂ ಸ್ವಾರಸ್ಯ. 1990ರಲ್ಲಿ ಗರ್ಭಪಾತದ ಮಸೂದೆಗೆ ಸಹಿ ಹಾಕಲು ತನ್ನ ಮನಸ್ಸಾಕ್ಷಿ ಒಪ್ಪದು ಅಂದ ದೊರೆ ಬೋದುಅಂ. ಸಂಪುಟ ಏನು ಮಾಡಿತು ಗೊತ್ತಾ? ‘ದೊರೆ ಆಳುವ ಸ್ಥಿತಿಯಲ್ಲಿಲ್ಲ’ ಎಂದು ಘೋಷಿಸಿ, ತಾನೇ ಸಹಿ ಹಾಕಿತು. ಸುಮಾರು ಒಂದೂವರೆ ದಿನ ಕಳೆದ ಮೇಲೆ ಸಂಸತ್ತು ಅವನನ್ನು ಮತ್ತೆ ಪಟ್ಟದಲ್ಲಿ ಕೂರಿಸಿತು. ಸ್ವೀಡನ್‌ನಲ್ಲಂತೂ ಈ ತಲೆನೋವೇ ಇಲ್ಲ. 1975ರಿಂದ ಅಲ್ಲಿನ ದೊರೆ ಮಸೂದೆಗೆ ಸಹಿ ಹಾಕುವುದೇ ಇಲ್ಲ.

ದೂರದವರನ್ನು ಬಿಡಿ. ‘ಜಯಚಾಮರಾಜ ಒಡೆಯರ್ ಮೈಸೂರನ್ನು 1956ರವರೆಗೆ ಆಳಿದರು’ ಅಂತಲೂ ಬರೆಯುತ್ತಾರೆ. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಅಲ್ಲಿಂದ ಮುಂದೆ ಒಡೆಯರ್ ‘ಪಟ್ಟದಲ್ಲಿದ್ದರು’ ಅಂದರೆ ಸಾಕು. 1950ರ ಜನವರಿ 26ರ ನಂತರ ಅದೂ ಹೊಂದುವುದಿಲ್ಲ. ಅವರು ರಾಜಪ್ರಮುಖರು. ಅದು ರಾಜ್ಯಪಾಲರಂಥ ಹುದ್ದೆ.