ಎಲೆಯೊಳಗಿನ ಕೆಂಪು ಮಿಣುಕು

ನರ್ಸರಿಯ ಹಸಿರು ಬಲೆಯ ನೆರಳಲ್ಲಿ ಬೆಳೆದ ಗಿಡವೊಂದನ್ನು ತಂದು ಸೀದಾ ಟೆರೇಸಿನ ಬಿಸಿಲಿಗಿಟ್ಟೆ. ವಾರದೊಳಗೆ ಎಲೆಗಳು ಬಿಳಿಚಿಕೊಂಡವು. ತಪ್ಪು ನನ್ನದೇ. ಆದರೆ ಆಮೇಲೆ ಬಂದ ಚಿಗುರು ಅದೇ ಬಿಸಿಲಲ್ಲಿ ದಪ್ಪ ಎಲೆಯಾಗಿ ಆರಾಮಾಗಿ ಬೆಳೆಯಿತು. ಬೆಳಕೇ ಗಿಡಕ್ಕೆ ಊಟ ಅಂತೀವಿ. ಊಟ ಜಾಸ್ತಿಯಾದರೂ ಕಷ್ಟವೇ, ಅಲ್ವಾ?

1931ರಲ್ಲಿ ಜರ್ಮನಿಯ ಹಾನ್ಸ್ ಕೌಟ್ಸ್ಕಿ ಮತ್ತು ಅವರ ಜೊತೆಗಾರ ಹಿರ್ಷ್ ಕತ್ತಲಲ್ಲಿಟ್ಟ ಎಲೆಯ ಮೇಲೆ ಥಟ್ಟನೆ ಬೆಳಕು ಬಿಟ್ಟು, ಬರಿಗಣ್ಣಲ್ಲೇ ನೋಡಿದರು. ಎಲೆ ಮಂದವಾಗಿ ಕೆಂಪಗೆ ಮಿನುಗಿತು. ಆ ಮಿಣುಕು ಸರ್ರನೆ ಏರಿ, ಕೆಲವು ನಿಮಿಷಗಳಲ್ಲಿ ಇಳಿಯಿತು. ಬಳಕೆಯಾಗದ ಬೆಳಕಿನಲ್ಲಿ ಒಂಚೂರನ್ನು ಎಲೆ ಹೀಗೆ ಹೊರಗೆ ಬಿಡುತ್ತದೆ. ಬೆಳಕು ಅಷ್ಟೇ ಇದ್ದು ಮಿಣುಕು ಮಾತ್ರ ಇಳಿದರೆ, ಒಳಗೇನೋ ಬದಲಾಗಿದೆ ಅಂತ ತಾನೇ?

1960ರ ಹೊತ್ತಿಗೆ ಎಲೆಯಲ್ಲಿ ಬೆಳಕು ಹಿಡಿಯುವ ವ್ಯವಸ್ಥೆ ಎರಡಿವೆ ಎಂದು ಗೊತ್ತಾಯಿತು. ಕೆಲಸ ಶುರುಮಾಡುವುದು ಫೋಟೋಸಿಸ್ಟಮ್ 2, ಮುಂದುವರಿಸುವುದು ಫೋಟೋಸಿಸ್ಟಮ್ 1. ಪತ್ತೆಯಾದ ಕ್ರಮದಲ್ಲಿ ಹೆಸರಿಟ್ಟ ಎಡವಟ್ಟು ಇದು! ಒಬ್ಬರು ಚಪಾತಿ ಲಟ್ಟಿಸಿ, ಇನ್ನೊಬ್ಬರು ಬೇಯಿಸಿದ ಹಾಗೆ. ಇಬ್ಬರ ವೇಗವೂ ಹೊಂದಬೇಕು. ಆದರೆ ಮರದಡಿ ಅದು ತಪ್ಪುತ್ತದೆ. ಮೇಲಿನ ಎಲೆಗಳು ಕೆಂಪು ಬೆಳಕನ್ನು ಬಹುಪಾಲು ಹೀರಿಕೊಂಡು, ಕೆಳಗೆ ಹೆಚ್ಚಾಗಿ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪನ್ನೇ ಬಿಡುತ್ತವೆ. ಅದು ಬೇಯಿಸುವವರಿಗಷ್ಟೇ ಸಾಕಾಗುವ ಬೆಳಕು.

1969ರಲ್ಲಿ ಜಪಾನಿನ ನೊರಿಯೊ ಮುರಾಟ ಕೆಂಪು ಪಾಚಿಯಲ್ಲಿ, ಅಮೆರಿಕದ ಬೊನವೆಂಚುರಾ ಮತ್ತು ಮೈಯರ್ಸ್ ಹಸಿರು ಪಾಚಿಯಲ್ಲಿ ಬೇರೆಬೇರೆಯಾಗಿ ಒಂದೇ ವಿಷಯ ಕಂಡರು. ಬೆಳಕಿನ ಬಣ್ಣ ಬದಲಾದರೆ, ಎರಡು ಫೋಟೋಸಿಸ್ಟಮ್‌ಗಳ ನಡುವೆ ಬೆಳಕಿನ ಹಂಚಿಕೆಯೂ ನಿಮಿಷಗಳಲ್ಲೇ ಬದಲಾಗುತ್ತದೆ. ಇಲ್ಲೂ ದಾರಿ ತೋರಿಸಿದ್ದು ಮಿಣುಕೇ. ಇದನ್ನು ಮಾಡಿಸುವವರು ಯಾರು? ಉತ್ತರ 1981ರಲ್ಲಿ ಜಾನ್ ಆಲನ್, ಜಾನ್ ಬೆನೆಟ್ ಮತ್ತು ಜೊತೆಗಾರರಿಂದ ಬಂತು. ಎರಡರ ನಡುವೆ ಎಲೆಕ್ಟ್ರಾನ್ ಹೊತ್ತು ಓಡಾಡುವ ಪ್ಲಾಸ್ಟೋಕ್ವಿನೋನ್ ಎಂಬ ಅಣುವಿದೆ. ಲಟ್ಟಿಸಿದ ಚಪಾತಿ ರಾಶಿ ಬಿದ್ದಂತೆ, ಅದು ಹೊರೆ ಇಳಿಸಲಾಗದೆ ತುಂಬಿಕೊಂಡರೆ ಒಂದು ಕಿಣ್ವ ಎಚ್ಚರಾಗುತ್ತದೆ. ಬೆಳಕು ಹಿಡಿಯುವ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಆ ಪ್ರೋಟೀನ್ ಫೋಟೋಸಿಸ್ಟಮ್ 2ನ್ನು ಬಿಟ್ಟು ಫೋಟೋಸಿಸ್ಟಮ್ 1ರ ಕಡೆ ಸರಿಯುತ್ತದೆ. 1999ರಲ್ಲಿ ಸಾಸಿವೆ ಸಸಿಗಳಲ್ಲಿ ಇನ್ನೊಂದು ವಿಷಯ ತಿಳಿಯಿತು. ಫೋಟೋಸಿಸ್ಟಮ್‌ಗಳನ್ನು ಎಷ್ಟೆಷ್ಟು ಕಟ್ಟಬೇಕು ಎಂದು ವಂಶವಾಹಿಗಳಿಗೆ ಹೇಳುವುದೂ ಪ್ಲಾಸ್ಟೋಕ್ವಿನೋನ್ ತುಂಬಿದೆಯೋ ಇಲ್ಲವೋ ಎಂಬ ಇದೇ ಸಂಕೇತ.

ಬೆಳಕು ಒಟ್ಟಾರೆ ಜಾಸ್ತಿಯಾದರೆ ಹಂಚಿಕೊಂಡು ಪ್ರಯೋಜನವಿಲ್ಲ, ಚೆಲ್ಲಬೇಕು. ಎಲೆ ಅದನ್ನು ಶಾಖವಾಗಿಸಿ ಚೆಲ್ಲುತ್ತದೆ. ಇದಕ್ಕೆ ಪಿಎಸ್‌ಬಿಎಸ್ ಎಂಬ ಪ್ರೋಟೀನ್ ಬೇಕೆಂದು 2000ದಲ್ಲಿ ಗೊತ್ತಾಯಿತು. ತೊಂದರೆ ಇರುವುದು ಮೋಡ ಬಂದಾಗ. ಬಿಸಿಲು ಹೋದರೂ ಎಲೆ ಇನ್ನೂ ಸ್ವಲ್ಪ ಹೊತ್ತು ಸುಮ್ನೆ ಚೆಲ್ಲುತ್ತಲೇ ಇರುತ್ತದೆ.

ಈ ನಿಧಾನವನ್ನು ತಿದ್ದಲು ಅಮೆರಿಕದ ಇಲಿನಾಯ್‌ನಲ್ಲಿ ತಂಬಾಕಿಗೆ ಮೂರು ವಂಶವಾಹಿ ಸೇರಿಸಿದರು. 2016ರ ವರದಿಯ ಪ್ರಕಾರ ಹೊಲದಲ್ಲಿ ಗಿಡದ ಒಣತೂಕ ಸುಮಾರು 15% ಏರಿತು. ಆಮೇಲೆ ಸೋಯಾಬೀನ್ ಸರದಿ. 2020ರ ಬೆಳೆಯಲ್ಲಿ ಕಾಳಿನ ಇಳುವರಿ ಕೆಲವು ತಳಿಗಳಲ್ಲಿ 33%ವರೆಗೂ ಹೆಚ್ಚಿತು. ಮರುವರ್ಷ ಬಿರುಗಾಳಿಗೆ ಗಿಡಗಳು ನೆಲಕ್ಕೆ ಬಾಗಿದವು, ಲೆಕ್ಕ ಸರಿಯಾಗಿ ಸಿಗಲಿಲ್ಲ.