ಒಪ್ಪಂದದ ಕಾಗದ ತೋರಿಸಿ ಅಂದರೆ ಅಮೆರಿಕದ ಅಧ್ಯಕ್ಷರು ತೋರಿಸಲೇಬೇಕಾ?

ಓದುಗರ ಪ್ರಶ್ನೆ: ಅಮೆರಿಕದ ಅಧ್ಯಕ್ಷರು ಬೇರೆ ದೇಶದ ಜೊತೆ ಒಪ್ಪಂದ ಮಾಡಿಕೊಂಡಾಗ, ಆ ಮಾತುಕತೆಯ ಕಾಗದಪತ್ರ ತೋರಿಸಿ ಅಂತ ಅಲ್ಲಿನ ಸಂಸತ್ತು ಕೇಳಿದರೆ ಕೊಡಲೇಬೇಕಾ? ಕೊಡಲ್ಲ ಅನ್ನೋ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ?

ಎಲ್ಲೂ ಬರೆದಿಲ್ಲ. ಕೊಡಲೇಬೇಕು ಅಂತಲೂ ಇಲ್ಲ, ಕೊಡದೇ ಇರಬಹುದು ಅಂತಲೂ ಇಲ್ಲ. ಹಾಗಾಗಿ ಇದಕ್ಕೆ ಉತ್ತರ ಬೇಕು ಅಂದರೆ ಆರಂಭದ ಅಧ್ಯಕ್ಷರು ಸಂಸತ್ತಿಗೆ ಕಳಿಸಿದ ಪತ್ರಗಳನ್ನು ತೆಗೆದು ನೋಡಬೇಕು. ಅದರಲ್ಲೂ ಮುಖ್ಯವಾಗಿ ಒಂದು ಪತ್ರ: 1796ರ ಮಾರ್ಚ್ 30ರಂದು ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅಲ್ಲಿನ ಸಂಸತ್ತಿನ ಕೆಳಮನೆಗೆ (ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್) ಬರೆದದ್ದು. "ಕೊಡುವುದಿಲ್ಲ" ಅಂತ ಒಬ್ಬ ಅಧ್ಯಕ್ಷರು ಕಾರಣ ಸಮೇತ ಹೇಳಿದ ಪತ್ರ ಅದು.

ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮಲ್ಲಿ ವಿದೇಶಿ ಒಪ್ಪಂದಕ್ಕೆ ರಾಜ್ಯಸಭೆಯಲ್ಲಿ ಇಂತಿಷ್ಟು ಮತ ಬೀಳಲೇಬೇಕು ಅನ್ನೋ ನಿಯಮ ಇಲ್ಲ. ಅಲ್ಲಿ ಇದೆ. ಒಪ್ಪಂದ ಮಾಡುವವರು ಅಧ್ಯಕ್ಷರು, ಆದರೆ ಮೇಲ್ಮನೆಯಾದ ಸೆನೆಟ್‌ನ ಸಲಹೆ ಮತ್ತು ಒಪ್ಪಿಗೆ ಬೇಕು, ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಕೆಳಮನೆಯ ಹೆಸರೇ ಸಂವಿಧಾನದ ಆ ಸಾಲಿನಲ್ಲಿ ಬರುವುದಿಲ್ಲ. ಆದರೆ ಖಜಾನೆಯಿಂದ ಒಂದು ಡಾಲರ್ ತೆಗೆಯಬೇಕಾದರೂ ಕಾನೂನು ಬೇಕು, ಕಾನೂನಿಗೆ ಕೆಳಮನೆ ಬೇಕು. ಜಗಳ ಹುಟ್ಟಿದ್ದು ಇಲ್ಲೇ.

"ಸಲಹೆ" ಅಂದರೇನು ಅಂತ ಶುರುವಿನಲ್ಲಿ ಯಾರಿಗೂ ಸ್ಪಷ್ಟ ಇರಲಿಲ್ಲ. 1789ರ ಆಗಸ್ಟ್ 22, ಶನಿವಾರ. ರಾಜಧಾನಿ ಆಗ ನ್ಯೂಯಾರ್ಕ್. ದಕ್ಷಿಣದ ಮೂಲನಿವಾಸಿ ಬುಡಕಟ್ಟುಗಳ ಜೊತೆ ಒಪ್ಪಂದ ಮಾಡಬೇಕಿತ್ತು. ಅದಕ್ಕೆ ಸಲಹೆ ಕೇಳಲು ವಾಷಿಂಗ್ಟನ್ ಯುದ್ಧ ಇಲಾಖೆ ನೋಡಿಕೊಳ್ಳುತ್ತಿದ್ದ ಹೆನ್ರಿ ನಾಕ್ಸ್ ಅವರನ್ನು ಕರೆದುಕೊಂಡು ತಾವೇ ಸೆನೆಟ್‌ಗೆ ಹೋದರು. ಅವರು ತಂದಿದ್ದ ಕಾಗದವನ್ನು ಉಪಾಧ್ಯಕ್ಷ ಜಾನ್ ಆಡಮ್ಸ್ ಗಟ್ಟಿಯಾಗಿ ಓದಿದರು. ಹೊರಗೆ ಬೀದಿಯಲ್ಲಿ ಕುದುರೆಗಾಡಿಗಳ ಸದ್ದು ಎಷ್ಟಿತ್ತೆಂದರೆ ಒಳಗೆ ಕೂತವರಿಗೆ ಏನೂ ಕೇಳಲಿಲ್ಲ. ಕಿಟಕಿ ಮುಚ್ಚಿಸಿ ಮತ್ತೆ ಓದಿಸಿದರು. ಆಗ ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮೆಕ್ಲೇ, ಕಾಗದಗಳನ್ನು ನೋಡದೆ ಹೀಗೆ ನಿಂತ ನಿಲುವಿನಲ್ಲಿ ಹೇಗೆ ಹೇಳೋದು ಅಂತ ತಕರಾರು ತೆಗೆದರು. ಇದನ್ನು ಸಮಿತಿಗೆ ಕೊಡೋಣ ಅನ್ನೋ ಮಾತು ಬಂತು. ವಾಷಿಂಗ್ಟನ್‌ಗೆ ಸಿಟ್ಟು ಬಂತು, ನಾನು ಇಲ್ಲಿಗೆ ಬಂದ ಉದ್ದೇಶವೇ ಹಾಳಾಗುತ್ತದೆ ಅಂದುಬಿಟ್ಟರು. ಇದನ್ನೆಲ್ಲ ಬರೆದಿಟ್ಟವರು ಅದೇ ಮೆಕ್ಲೇ, ತಮ್ಮ ದಿನಚರಿಯಲ್ಲಿ. ಸೋಮವಾರ ವಾಷಿಂಗ್ಟನ್ ಮತ್ತೆ ಬಂದು ಕೆಲಸ ಮುಗಿಸಿಕೊಂಡು ಹೋದರು. ಆದರೆ ಒಪ್ಪಂದದ ಸಲಹೆ ಕೇಳಲು ಆಮೇಲೆ ಯಾವತ್ತೂ ಖುದ್ದಾಗಿ ಸೆನೆಟ್ ಮೆಟ್ಟಿಲು ಹತ್ತಲಿಲ್ಲ. ಮುಂದೆ ಎಲ್ಲ ಕಾಗದದ ಮೇಲೆ.

ಈಗ 1796ಕ್ಕೆ ಬರೋಣ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಅವರನ್ನೇ ವಾಷಿಂಗ್ಟನ್ ಲಂಡನ್‌ಗೆ ಕಳಿಸಿದ್ದರು. 1794ರ ನವೆಂಬರ್‌ನಲ್ಲಿ ಬ್ರಿಟನ್ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ಪಶ್ಚಿಮದ ಕೋಟೆಗಳನ್ನು ಬಿಟ್ಟುಕೊಡಲು ಬ್ರಿಟಿಷರು ಒಪ್ಪಿದರು. ಇಂಡಿಯಾದಲ್ಲಿ ಬ್ರಿಟಿಷರ ಕೈಯಲ್ಲಿದ್ದ ಬಂದರುಗಳಿಗೆ ಅಮೆರಿಕದ ಹಡಗು ಬರಲು ಅವಕಾಶ ಸಿಕ್ಕಿದ್ದೂ ಇದೇ ಒಪ್ಪಂದದ ಹದಿಮೂರನೇ ವಿಧಿಯಲ್ಲಿ. ಆದರೆ ಅಮೆರಿಕದ ನಾವಿಕರನ್ನು ಹಡಗಿನಿಂದಲೇ ಎಳೆದುಕೊಂಡು ಹೋಗಿ ತಮ್ಮ ನೌಕಾಪಡೆಗೆ ಸೇರಿಸಿಕೊಳ್ಳುತ್ತಿದ್ದರಲ್ಲ, ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ಸೆನೆಟ್ ಬಾಗಿಲು ಮುಚ್ಚಿಕೊಂಡು ಚರ್ಚಿಸಿ, 1795ರ ಜೂನ್‌ನಲ್ಲಿ 20ಕ್ಕೆ 10 ಮತಗಳಿಂದ ಒಪ್ಪಿತು. ಬೇಕಿದ್ದ ಮೂರನೇ ಎರಡು, ಒಂದೂ ಜಾಸ್ತಿ ಇಲ್ಲ. ಅಷ್ಟರಲ್ಲಿ ಒಬ್ಬ ಸೆನೆಟರ್ ಮೂಲಕ ಒಪ್ಪಂದ ಪತ್ರಿಕೆಯವರ ಕೈಸೇರಿ, ಊರೂರಲ್ಲಿ ಜೇ ಅವರ ಪ್ರತಿಕೃತಿ ಸುಟ್ಟರು.

ಒಪ್ಪಂದ ಜಾರಿಗೆ ದುಡ್ಡು ಬೇಕಲ್ವಾ? ಅದಕ್ಕೆ ಕೆಳಮನೆ ಒಪ್ಪಬೇಕು. ಆಗ ನ್ಯೂಯಾರ್ಕಿನ ಸದಸ್ಯ ಎಡ್ವರ್ಡ್ ಲಿವಿಂಗ್‌ಸ್ಟನ್ ಒಂದು ನಿರ್ಣಯ ತಂದರು: ಜೇ ಅವರಿಗೆ ಕೊಟ್ಟ ಸೂಚನೆಗಳು, ಪತ್ರಗಳು, ದಾಖಲೆಗಳು ಎಲ್ಲವನ್ನೂ ಕಳಿಸಿಕೊಡಿ, ಈಗ ನಡೆಯುತ್ತಿರುವ ಮಾತುಕತೆಗೆ ತೊಂದರೆಯಾಗುವಂಥದ್ದು ಇದ್ದರೆ ಅದನ್ನು ಬಿಟ್ಟು. ಮಾರ್ಚ್ 24ರಂದು 62ಕ್ಕೆ 37ರಿಂದ ಪಾಸಾಯಿತು.

ವಾಷಿಂಗ್ಟನ್ ಆರು ದಿನ ತೆಗೆದುಕೊಂಡು ಉತ್ತರ ಕೊಟ್ಟರು. ಅವರ ವಾದ ಮೂರು. ಒಂದು, ಬೇರೆ ದೇಶದ ಜೊತೆ ಮಾತುಕತೆಗೆ ಗುಟ್ಟು ಬೇಕು. ಮುಗಿದ ಮೇಲೂ ಎಲ್ಲವನ್ನೂ ಬಿಚ್ಚಿಟ್ಟರೆ ಮುಂದಿನ ಮಾತುಕತೆಗೆ ಏಟು ಬೀಳುತ್ತದೆ. ಒಪ್ಪಂದದ ಅಧಿಕಾರವನ್ನು ಅಧ್ಯಕ್ಷರಿಗೂ ಸಣ್ಣ ಸಭೆಯಾದ ಸೆನೆಟ್‌ಗೂ ಮಾತ್ರ ಕೊಟ್ಟಿದ್ದೇ ಅದಕ್ಕೆ. ಎರಡು, ಈ ಕಾಗದಗಳು ಕೆಳಮನೆಯ ಯಾವ ಕೆಲಸಕ್ಕೂ ಬೇಕಾಗುವುದಿಲ್ಲ, ಇಂಪೀಚ್‌ಮೆಂಟ್ ಒಂದನ್ನು ಬಿಟ್ಟು, ಆದರೆ ನಿಮ್ಮ ನಿರ್ಣಯದಲ್ಲಿ ಅದರ ಮಾತೇ ಇಲ್ಲ. ಅಂದರೆ ಅಧ್ಯಕ್ಷರ ಮೇಲೆ ಆರೋಪ ಹೊರಿಸಿ ವಿಚಾರಣೆಗೆ ಹೊರಟರೆ ಲೆಕ್ಕ ಬೇರೆ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು.

ಮೂರನೆಯದು ನನ್ನನ್ನು ಪ್ರತಿ ಸಲ ಓದಿದಾಗಲೂ ಹಿಡಿದು ನಿಲ್ಲಿಸುತ್ತದೆ. ಸಂವಿಧಾನ ಬರೆದ 1787ರ ಸಭೆಯ ಅಧ್ಯಕ್ಷರು ವಾಷಿಂಗ್ಟನ್ನೇ. ಆ ಸಭೆ ನಡೆದದ್ದು ಗುಟ್ಟಾಗಿ. ಅದರ ನಡಾವಳಿ ಪುಸ್ತಕಗಳನ್ನು ಅವರ ವಶಕ್ಕೇ ಒಪ್ಪಿಸಿದ್ದರು. ಈ ಪತ್ರಕ್ಕೆ ಹನ್ನೊಂದು ದಿನ ಮುಂಚೆ ಅವರು ಅವನ್ನು ವಿದೇಶಾಂಗ ಇಲಾಖೆಯಲ್ಲಿ ಇಡಿಸಿದರು. ಆಮೇಲೆ ಪತ್ರದಲ್ಲಿ ಬರೆದರು: ಕಾನೂನಿನ ಮೂಲಕ ಒಪ್ಪಿಗೆ ಸಿಗದ ಯಾವ ಒಪ್ಪಂದವೂ ದೇಶವನ್ನು ಕಟ್ಟಿಹಾಕಬಾರದು ಅನ್ನೋ ಸೂಚನೆ ಆ ಸಭೆಯ ಮುಂದೆ ಬಂದಿತ್ತು, ಅದನ್ನು ಸ್ಪಷ್ಟವಾಗಿ ತಿರಸ್ಕರಿಸಲಾಯಿತು, ನಡಾವಳಿಯಲ್ಲೇ ಇದೆ. ಮಾತು ನಿಜ, 1787ರ ಆಗಸ್ಟ್ 23ರಂದು ಅದು ಬಿದ್ದುಹೋಗಿತ್ತು. ಆದರೆ ನೋಡಿ, ಆ ನಡಾವಳಿ ಅಚ್ಚಾಗಿ ಜನರ ಕೈಗೆ ಬಂದದ್ದು 1819ರಲ್ಲಿ. ಒಂದು ಗುಟ್ಟಿನ ಕಾಗದ ಕೊಡದಿರಲು ಇನ್ನೊಂದು ಗುಟ್ಟಿನ ಕಾಗದವನ್ನು ಸಾಕ್ಷಿಗೆ ಕರೆದರು. ಇದು ಅವರ ವಾದದ ಅತಿ ಗಟ್ಟಿ ಸಾಕ್ಷಿ ಹೌದು, ಆದರೆ ನ್ಯಾಯವಾದ ದಾರಿ ಅಂತ ನನಗೆ ಅನ್ನಿಸುವುದಿಲ್ಲ.

ಎದುರು ಉತ್ತರ ಕೊಟ್ಟವರು ಕೆಳಮನೆಯ ಸದಸ್ಯ ಜೇಮ್ಸ್ ಮ್ಯಾಡಿಸನ್, 1787ರ ಅದೇ ಸಭೆಯಲ್ಲಿ ಕೂತು ಟಿಪ್ಪಣಿ ಬರೆದುಕೊಂಡಿದ್ದವರು. 1789ರಲ್ಲಿ ವಾಷಿಂಗ್ಟನ್ ಅವರ ಮೊದಲ ಭಾಷಣ ಬರೆಯಲು ನೆರವಾದವರೂ ಇವರೇ, ಅದಕ್ಕೆ ಕೆಳಮನೆಯ ಪ್ರತ್ಯುತ್ತರ ಬರೆದವರೂ ಇವರೇ. ಅಷ್ಟು ಹತ್ತಿರದವರು ಏಪ್ರಿಲ್ 6ರಂದು ಎದ್ದು ನಿಂತು ಹೇಳಿದ್ದು ಇಷ್ಟು: ಸಂವಿಧಾನಕ್ಕೆ ಜೀವ ಬಂದದ್ದು ಕರಡು ಬರೆದ ನಮ್ಮಿಂದ ಅಲ್ಲ, ಅದನ್ನು ಒಪ್ಪಿದ ರಾಜ್ಯಗಳ ಸಭೆಗಳಿಂದ. ಅರ್ಥ ಹುಡುಕುವುದಾದರೆ ಅಲ್ಲಿ ಹುಡುಕಿ. ಮರುದಿನ ಕೆಳಮನೆ 57ಕ್ಕೆ 35ರಿಂದ ಹೀಗೆ ದಾಖಲಿಸಿತು: ಒಪ್ಪಂದ ಮಾಡುವುದರಲ್ಲಿ ನಮಗೆ ಪಾಲು ಬೇಡ, ಆದರೆ ಅದರ ಜಾರಿಗೆ ಕಾನೂನು ಬೇಕಾದರೆ, ಮಾಡಬೇಕೋ ಬೇಡವೋ ಅಂತ ಯೋಚಿಸುವುದು ನಮ್ಮ ಹಕ್ಕು, ಕರ್ತವ್ಯ. ಕಾಗದ ಕೇಳುವಾಗ ಯಾತಕ್ಕೆ ಅಂತ ಹೇಳಬೇಕಾಗಿಯೂ ಇಲ್ಲ.

ಕಾಗದ ಬರಲಿಲ್ಲ. ಆದರೂ ಏಪ್ರಿಲ್ 30ರಂದು ದುಡ್ಡಿಗೆ ಒಪ್ಪಿಗೆ ಸಿಕ್ಕಿತು, 51ಕ್ಕೆ 48.

ಹಾಗಂತ ಕೊಡದಿರುವುದೇ ರೂಢಿ ಆಯಿತು ಅಂದುಕೊಳ್ಳಬೇಡಿ. ಎರಡೇ ವರ್ಷಕ್ಕೆ, 1798ರ ಏಪ್ರಿಲ್‌ನಲ್ಲಿ, ಫ್ರಾನ್ಸ್ ಜೊತೆಗಿನ ಮಾತುಕತೆಯ ವರದಿ ಕೊಡಿ ಅಂತ ಕೆಳಮನೆ ಕೇಳಿತು. ಅಧ್ಯಕ್ಷ ಆಡಮ್ಸ್ ಮರುದಿನವೇ ಕೊಟ್ಟರು. ಲಂಚ ಕೇಳಿದ್ದ ಫ್ರೆಂಚ್ ಕಡೆಯವರ ಹೆಸರು ತೆಗೆದು ಬರೀ ಎಕ್ಸ್, ವೈ, ಝಡ್ ಅಂತ ಅಕ್ಷರ ಹಾಕಿದ್ದರು. ಅಧ್ಯಕ್ಷರು ಏನೋ ಮುಚ್ಚಿಡುತ್ತಿದ್ದಾರೆ ಅಂತ ಕೇಳಿದ ವಿರೋಧಿಗಳಿಗೇ ಅದು ತಿರುಗಿ ಹೊಡೆಯಿತು. 1803ರಲ್ಲಿ ಫ್ರಾನ್ಸ್‌ನಿಂದ ಲೂಸಿಯಾನಾ ಪ್ರದೇಶದ ಖರೀದಿ ಬಂದಾಗ ಅಧ್ಯಕ್ಷ ಜೆಫರ್ಸನ್ ಅಕ್ಟೋಬರ್ 17ರ ಸಂದೇಶದಲ್ಲೇ ಹೇಳಿದರು: ಸೆನೆಟ್ ಒಪ್ಪಿದ ಕೂಡಲೇ ಕೆಳಮನೆಯ ಮುಂದೂ ಇಡುತ್ತೇನೆ, ನಿಮ್ಮ ಅಧಿಕಾರಕ್ಕೆ ಸೇರಿದ ಷರತ್ತುಗಳನ್ನು ನೀವು ನೋಡಿ. ವ್ಯವಹಾರ 1.5 ಕೋಟಿ ಡಾಲರಿನದು.

ಸುಪ್ರೀಂ ಕೋರ್ಟು 1936ರ ಒಂದು ತೀರ್ಪಿನಲ್ಲಿ ವಾಷಿಂಗ್ಟನ್ ಪತ್ರವನ್ನು ಮೆಚ್ಚಿ ಉಲ್ಲೇಖಿಸಿತು. 1974ರಲ್ಲಿ ಆಗಿನ ಅಧ್ಯಕ್ಷ ನಿಕ್ಸನ್ ಅವರ ಮೊಕದ್ದಮೆಯಲ್ಲಿ ಅಧ್ಯಕ್ಷರ ಈ ಗುಟ್ಟಿನ ಹಕ್ಕು ಇದೆ, ಆದರೆ ಮಿತಿ ಇಲ್ಲದ್ದಲ್ಲ ಅಂದಿತು. ಅದು ಕ್ರಿಮಿನಲ್ ವಿಚಾರಣೆಗೆ ಬೇಕಾದ ಟೇಪುಗಳ ವಿಷಯ, ಕೆಳಮನೆ ಕೇಳಿದ ಒಪ್ಪಂದದ ಕಾಗದದ್ದಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಒಪ್ಪಿಗೆ ಕೇಳುವಾಗ ಒಪ್ಪಂದವನ್ನು ಸೆನೆಟ್‌ಗೆ ತೋರಿಸದೆ ದಾರಿ ಇಲ್ಲ. ವಾಷಿಂಗ್ಟನ್ ಕೂಡ ಜೇ ಒಪ್ಪಂದದ ಕಾಗದಗಳನ್ನು ಸೆನೆಟ್‌ಗೆ ಕೊಟ್ಟಿದ್ದರು, ಅದನ್ನು ಅದೇ ಪತ್ರದಲ್ಲಿ ಬರೆದೂ ಇದ್ದಾರೆ. ಕೆಳಮನೆಗೆ ಕೊಡಲ್ಲ ಅನ್ನಬಹುದು. ಆಗ ಕೆಳಮನೆ ದುಡ್ಡು ಕೊಡಲ್ಲ ಅನ್ನಬಹುದು. 1796ರಲ್ಲಿ ಇನ್ನಿಬ್ಬರು ಆ ಕಡೆ ಮತ ಹಾಕಿದ್ದರೆ ಹಾಗೇ ಆಗುತ್ತಿತ್ತು.