ಒಂದಕ್ಷರ ತಪ್ಪಿದರೆ ಸಾಕು: ಟಿಬಿ ರೋಗಾಣು ಮದ್ದನ್ನು ದಾಟುವ ಬಗೆ

ಮಾತ್ರೆ ಅರ್ಧಕ್ಕೆ ಬಿಟ್ಟರೆ ಟಿಬಿ ರೋಗಾಣು ಮದ್ದಿಗೆ ಒಗ್ಗಿಹೋಗುತ್ತದೆ ಎನ್ನುತ್ತಾರೆ. ಎಚ್ಚರಿಕೆ ಸರಿ, ವಿವರಣೆ ತಪ್ಪು. ಮದ್ದಿಗೆ ಬಗ್ಗದ ಒಂದಿಷ್ಟು ರೋಗಾಣುಗಳು ಮೊದಲ ಮಾತ್ರೆ ನುಂಗುವ ಮುಂಚೆಯೇ ಶ್ವಾಸಕೋಶದಲ್ಲಿರುತ್ತವೆ.

ಈ ರೋಗಾಣುವಿನ ಡಿಎನ್‌ಎಯಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ. 20 ಗಂಟೆಗೊಮ್ಮೆ ಅದು ಇಬ್ಭಾಗವಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಮದ್ದು ತಡೆಯುವ ವಂಶವಾಹಿಯನ್ನು ನೆರೆಯವುಗಳಿಂದ ಕಡ ತರುತ್ತವೆ. ಟಿಬಿಗೆ ಆ ಚಾಳಿ ಇಲ್ಲ, ಅದರ ಬಂಡವಾಳವೆಲ್ಲ ಸ್ವಂತ ತಪ್ಪುಗಳೇ. ಟಿಬಿಯ ಎರಡು ಮುಖ್ಯ ಮದ್ದುಗಳಲ್ಲಿ ಐಸೋನಿಯಾಜಿಡ್‌ಗೆ ಬಗ್ಗದ್ದು ಸರಿಸುಮಾರು 10 ಲಕ್ಷಕ್ಕೊಂದು, ರಿಫಾಂಪಿಸಿನ್‌ಗೆ 10 ಕೋಟಿಗೊಂದು. ಶ್ವಾಸಕೋಶದಲ್ಲಿ ಕೊರೆದ ಒಂದು ಗುಳಿಯಲ್ಲೇ 10 ಕೋಟಿ ರೋಗಾಣುಗಳಿರಬಹುದು. ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಉಳಿಯುವ ನೂರು ಆ ಜಾಗವನ್ನೆಲ್ಲ ತುಂಬುತ್ತವೆ.

ಇದು ಎದ್ದು ಕಂಡದ್ದು ಬ್ರಿಟನ್ನಿನಲ್ಲಿ, 1948ರಲ್ಲಿ ಪ್ರಕಟವಾದ, ಸ್ಟ್ರೆಪ್ಟೊಮೈಸಿನ್ ಎಂಬ ಟಿಬಿ ಮದ್ದಿನ ಪ್ರಯೋಗದಲ್ಲಿ. 55 ರೋಗಿಗಳಿಗೆ ಇಂಜೆಕ್ಷನ್, 52 ಮಂದಿಗೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಮದ್ದು ಪವಾಡದಂತೆ ಕಂಡಿತು. ಐದು ವರ್ಷ ಕಳೆಯುವಷ್ಟರಲ್ಲಿ ಇಂಜೆಕ್ಷನ್ ಪಡೆದವರಲ್ಲಿ 32, ಉಳಿದವರಲ್ಲಿ 35 ಮಂದಿ ತೀರಿಕೊಂಡಿದ್ದರು. ಒಂಟಿ ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆದುಬಿಟ್ಟಿದ್ದವು. ಜೊತೆಗೆ ಪಿಎಎಸ್ ಎಂಬ ಎರಡನೇ ಮದ್ದು ಸೇರಿಸಿದ ಮೇಲೆ ಈ ತೊಂದರೆ ಬಹಳ ತಗ್ಗಿತು. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಒಟ್ಟಿಗೆ ಬಗ್ಗದ್ದು ತಾನಾಗಿ ಹುಟ್ಟಬೇಕೆಂದರೆ 100 ಲಕ್ಷ ಕೋಟಿಗೊಂದು. ಅಷ್ಟು ರೋಗಾಣು ಯಾರ ಮೈಯಲ್ಲೂ ಇರುವುದಿಲ್ಲ. ಈಗ ಒಂದೇ ಮಾತ್ರೆಯಲ್ಲಿ ನಾಲ್ಕು ಮದ್ದು (ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬ್ಯುಟಾಲ್ 275 ಮಿಲಿಗ್ರಾಂ) ಅಡಕವಾಗಿರುವುದು ಈ ಗುಣಾಕಾರದ ಬಲದಿಂದಲೇ. ಲೆಕ್ಕ ಕೆಡುವುದು ಒಳಗೊಳಗೇ ಒಂಟಿ ಮದ್ದಿನ ಚಿಕಿತ್ಸೆ ನಡೆದಾಗ: ಮೊದಲೇ ಒಂದಕ್ಕೆ ಬಗ್ಗದ ರೋಗಾಣು ಅಂಟಿದ್ದರೆ, ಇಲ್ಲವೇ ಗುಣ ಕಾಣದ ರೋಗಿಗೆ ವೈದ್ಯರು ಒಂದೊಂದೇ ಹೊಸ ಮದ್ದು ಸೇರಿಸುತ್ತ ಹೋದರೆ. ಈ ಎರಡನೆಯದಕ್ಕೆ ರೋಗಿಯನ್ನು ದೂರಿ ಫಲವಿಲ್ಲ.

ರಿಫಾಂಪಿಸಿನ್ ಹೋಗಿ ಕೂರುವುದು ಆರ್‌ಎನ್‌ಎ ಹೆಣೆಯುವ ಕಿಣ್ವದ ಒಂದು ಸಂದಿಯಲ್ಲಿ. ವಂಶವಾಹಿಯಲ್ಲಿ ಮೂರಕ್ಷರದ ಒಂದೊಂದು ಪದವೂ ಪ್ರೋಟೀನಿನ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಆ ಕಿಣ್ವದ ಆರ್‌ಪಿಒಬಿ ವಂಶವಾಹಿಯ 450ನೇ ಪದ ಟಿಸಿಜಿ. ನಡುವಿನ ಸಿ ಹೋಗಿ ಟಿ ಬಂದರೆ ಸೆರೀನ್ ಎಂಬ ಅಮೈನೋ ಆಮ್ಲದ ಜಾಗದಲ್ಲಿ ಅದಕ್ಕಿಂತ ದಪ್ಪನೆಯ ಲ್ಯೂಸೀನ್ ಕೂರುತ್ತದೆ. ಮದ್ದು ಹಿಡಿಸುವುದಿಲ್ಲ. ಇಂಥ ರೋಗಾಣು ಎಷ್ಟೋ ಸಲ ಕೊಂಚ ಕುಂಟುತ್ತದೆ, ನಿಜ. ಆದರೆ ಪಕ್ಕದ ಆರ್‌ಪಿಒಸಿ ವಂಶವಾಹಿಯಲ್ಲಿ ಇನ್ನೊಂದು ಬದಲಾವಣೆಯಾದರೆ ಕುಂಟು ಸರಿಹೋಗಿ ಮತ್ತೆ ಸರಾಗ ಹರಡಬಲ್ಲದು.

ಟಿಬಿ ಪತ್ತೆಹಚ್ಚುವ ಸಿಬಿನಾಟ್ ಯಂತ್ರ ಕಫವನ್ನು ಎರಡು ಗಂಟೆಯೊಳಗೆ ಪರೀಕ್ಷಿಸುತ್ತದೆ. ರಿಫಾಂಪಿಸಿನ್ ನಾಟುತ್ತದೆಯೇ ಎಂದು ತಿಳಿಯಲು ಅದು ನೋಡುವುದು ಆರ್‌ಪಿಒಬಿಯ 81 ಅಕ್ಷರಗಳನ್ನಷ್ಟೇ. ರಿಫಾಂಪಿಸಿನ್ ತಡೆಯುವ ಬಹುಪಾಲು ತಪ್ಪುಗಳು ಅಲ್ಲೇ ಸಿಗುತ್ತವೆ. ಆಫ್ರಿಕಾದ ಎಸ್ವಾಟಿನಿಯಲ್ಲಿ ಹರಡಿದ ತಳಿಯ ಬದಲಾವಣೆ ಇದ್ದದ್ದು 491ನೇ ಪದದಲ್ಲಿ, ಯಂತ್ರದ ಕಿಟಕಿಯಾಚೆ. ವರದಿ 'ಮದ್ದು ನಾಟುತ್ತದೆ' ಎಂದೇ ಬರುತ್ತಿತ್ತು, ರೋಗಿಗಳಿಗೆ ರಿಫಾಂಪಿಸಿನ್ನೇ ಸಿಗುತ್ತಿತ್ತು.